ನಾಲ್ಕು ಬೈ ಎರಡು

ಮೌಜಾ ಮೇಡಂ ಬಂದದ್ದು ರಾತ್ರಿ ಒಂಬತ್ತೂವರೆಗೆ,
ಶಟರು ಅರ್ಧ ಇಳಿಸಿ
ನಾನು ಶಾಯಿಯ ಕೈ ತೊಳೆಯುತ್ತಿದ್ದಾಗ.
ಚೀಲದಿಂದ ತೆಗೆದದ್ದು ಒಂದು ಶಾಲೆಯ ನೋಟ್‌ಬುಕ್ಕು.
"ಆರು ಫ್ಲೆಕ್ಸ್, ನಾಲ್ಕು ಬೈ ಎರಡು ಮೀಟರು," ಅಂದರು
ಅಂಗಡಿಗಳ ಹಿಂದಿಯಲ್ಲಿ,
"ನನ್ನ ಮುಖ ಸಣ್ಣದಿರಲಿ, ಅಕ್ಷರ ದೊಡ್ಡದು."
ಹದಿನೇಳು ವರ್ಷದಲ್ಲಿ ಯಾವ ಅಭ್ಯರ್ಥಿಯೂ
ಹಾಗೆ ಕೇಳಿದ್ದಿಲ್ಲ.

ಹಿದ್ ಎಂಬ ಈ ಊರು ಬೆಳೆಯುವುದು ಕಡಲಿನ ಕಡೆಗೆ.
ಲಾರಿಗಟ್ಟಲೆ ಮರಳು ಸುರಿದು
ನಿನ್ನೆ ಏಡಿ ಓಡಿದಲ್ಲಿ ಇವತ್ತು ಪ್ಲಾಟ್ ನಂಬರು.
ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು ಆಕೆ,
ಗೋಡೆಯ ನಕ್ಷೆಯಲ್ಲಿ ದಂಡೆಯನ್ನು
ಪ್ರತಿ ಬೇಸಿಗೆಗೂ ಕೆಂಪು ಪೆನ್ನಿನಿಂದ
ಮುಂದಕ್ಕೆ ತಿದ್ದಿದವರು.

ಮೊದಲು ಚರಂಡಿ.
ವರ್ಷಕ್ಕೆ ನಾಲ್ಕು ದಿನದ ಮಳೆಗೇ ಕಾರು ತೇಲುತ್ತವೆ.
ಆಮೇಲೆ ಮೀನಿನವರಿಗೆ ದೋಣಿ ಇಳಿಸಲು ಒಂದು ದಾರಿ,
ವಿಲ್ಲಾಗಳ ಗೋಡೆಗಳ ನಡುವೆ, ಬೀಗವಿಲ್ಲದ್ದು.
ಆಮೇಲೆ ಶಾಲೆಯ ಮುಂದೆ ಬಿಳಿಪಟ್ಟೆ.
ಅದನ್ನು ಓದುವಾಗ ಒಬ್ಬ ಹುಡುಗಿಯ ಹೆಸರು ಹೇಳಿ
ಸುಮ್ಮನಾದರು.
ಮೌಸಿನ ಮೇಲೆ ಕೈಯಿಟ್ಟು ನಾನೂ ಸುಮ್ಮನಿದ್ದೆ.
ಕಸ, ಬೀದಿದೀಪ, ಮುದುಕರಿಗೊಂದು ಬೆಂಚು.
ಆರಕ್ಕೆ ನೋಟ್‌ಬುಕ್ಕು ಮುಚ್ಚಿತು.

ಅರಬ್ಬಿ ನನಗೆ ಓದಲು ಬಾರದು, ಜೋಡಿಸಲು ಬರುತ್ತದೆ.
ರಂಗೋಲಿಯವರ ಹಾಗೆ
ಮೊದಲು ಚುಕ್ಕಿ ನೋಡುತ್ತೇನೆ, ಗೆರೆ ಆಮೇಲೆ.

"ನಿನಗೇನು ಬೇಕು? ನೀನೂ ಇದೇ ಊರಲ್ಲಿ ಇದ್ದೀಯಲ್ಲ."
"ನನಗೆ ಓಟಿಲ್ಲ ಮೇಡಂ."
"ಓಟು ಕೇಳಲಿಲ್ಲ."

ನನ್ನ ಓಟು ಇರುವುದು ತ್ರಾಸಿಯ ಶಾಲೆಯ ಪಟ್ಟಿಯಲ್ಲಿ,
ಫೋಟೋದಲ್ಲಿ ಮೀಸೆ ಸಮೇತ.
ಅತ್ತಿಗೆ ಪಂಚಾಯಿತಿಗೆ ನಿಂತು ಒಂದೇ ಓಟಿಗೆ ಸೋತಾಗ
ಅಣ್ಣ ಒಂದು ತಿಂಗಳು ನನ್ನ ಫೋನೆತ್ತಲಿಲ್ಲ.
ಅಲ್ಲಿ ಹೆಸರಿದೆ, ನಾನಿಲ್ಲ.
ಇಲ್ಲಿನ ಮಾತು ಬಿಡಿ.

ಕೊನೆಗೆ ಹೇಳಿದೆ:
ಡ್ರೈಡಾಕ್ ರಸ್ತೆಯ ಬಸ್‌ಸ್ಟಾಪಿನಲ್ಲಿ ಒಂದು ಕಂಬವಿದೆ ಅಷ್ಟೆ.
ಅದರ ನೆರಳಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತೇವೆ.
ಸೂರ್ಯ ಸರಿದ ಹಾಗೆ ಸಾಲೂ ಸರಿಯುತ್ತದೆ,
ಬೆವರುವ ಗಡಿಯಾರದ ಮುಳ್ಳು.

ಅವರು ನಗಲಿಲ್ಲ.
ಏಳನೆಯದು ಅಂತ ಬರೆದು, ನನ್ನ ತೆರೆಯ ಮೇಲೆ ಬೆರಳಿಟ್ಟರು:
"ಇದು ಝಿಲ್, ನೆರಳು. ಮೇಲೆ ಒಂದು ಚುಕ್ಕಿ, ಬಿಡಬೇಡ.
ಬಿಟ್ಟರೆ ಇಬ್ಬನಿ ಅಂತಾಗುತ್ತದೆ.
ಇಬ್ಬನಿ ಕೊಡಿಸುವ ಅಧಿಕಾರ ಬಲದಿಯಾಕ್ಕಿಲ್ಲ."

ನವೆಂಬರಿನಲ್ಲಿ ಸೋತರು.
ಗೆದ್ದವನ ಫ್ಲೆಕ್ಸೂ ನಮ್ಮದೇ ಅಂಗಡಿಯದು,
ಮುಖವೇ ಮುಕ್ಕಾಲು ಪಾಲು, ಒಳ್ಳೆಯ ಪಾರ್ಟಿ, ನಗದು.
ಮೇಡಂ ಬಾಕಿ ಕೊಡಲು ತಾವೇ ಬಂದರು,
ಫಿಲ್ಸ್ ಫಿಲ್ಸ್ ಎಣಿಸಿ.
ಗುಮ್ಮಟದಂಥ ಡಬ್ಬಿಯಲ್ಲಿ ಖರ್ಜೂರ ಬಿಟ್ಟುಹೋದರು.

ಕಂಬಗಳಿಂದ ಬ್ಯಾನರು ಬಿಚ್ಚಿದವನು ಮೊತಾಲೆಬ್,
ಸಿಲ್ಹೆಟ್ಟಿನವನು, ಯಾವುದನ್ನೂ ಎಸೆಯುವವನಲ್ಲ.
ಮಡಿಸಿ ಮಂಚದಡಿ ಇಟ್ಟವನು
ಜೂನಿನ ಒಂದು ಬೆಳಿಗ್ಗೆ ಒಂದನ್ನು ತಂದು
ಬಸ್‌ಸ್ಟಾಪಿನ ಕಂಬಕ್ಕೂ ಪಕ್ಕದ ಬೇಲಿಗೂ ಕಟ್ಟಿದ,
ಮೀನುಬಲೆಯ ಹಗ್ಗದಲ್ಲಿ.

ಮಧ್ಯಾಹ್ನ ನಲವತ್ತಾರು ಡಿಗ್ರಿ.
ಮೇಡಂ ಮುಖ ಆಕಾಶಕ್ಕೆ. ಕೆಳಗೆ ನಾವು ಹನ್ನೊಂದು ಜನ,
ಮೊದಲ ಸಲ ಸಾಲು ಬಿಟ್ಟು, ಬೇಕಾದ ಹಾಗೆ.
ಬಿಸಿಲು ಫ್ಲೆಕ್ಸನ್ನು ತೂರಿ
ಅಕ್ಷರಗಳು ಬೆನ್ನಿನಿಂದ ಕಾಣುತ್ತಿದ್ದವು,
ತಿರುಗಿ, ಎಡದಿಂದ ಬಲಕ್ಕೆ, ಕನ್ನಡದ ಹಾಗೆ.
ಏಳನೇ ಸಾಲು ಹುಡುಕಿದೆ.
ಚುಕ್ಕಿ ಇತ್ತು.

ಬಸ್ಸು ಬಂತು. ಹತ್ತು ಜನ ಹತ್ತಿದರು.
ಮುಂದಿನದರಲ್ಲಿ ಹೋದರಾಯಿತು ಅಂತ
ನಾನು ಅಲ್ಲೇ ನಿಂತೆ.