ನಾಲ್ಕು ಮಂಚದ ಕ್ಯಾಬಿನ್

ತುರ್ಕು ಬಂದರಿನಲ್ಲಿ ಉದ್ದದ ಸರತಿ.
ಹಿಂದೆ ಮುಂದೆ ತಳ್ಳುಗಾಡಿ, ಹೆಗಲೇರಿದ ಕೂಸು,
ಬಲೂನು, ಬಿಕ್ಕಳಿಕೆ, ಒಂಟಿ ಕಾಲುಚೀಲ.
ನಾವಿಬ್ಬರು. ನಡುವೆ ಒಂದೇ ಬ್ಯಾಗು,
ಅದೂ ಅರ್ಧ ಖಾಲಿ.

"ಮಕ್ಕಳು?" ಎಂದಳು ಟಿಕೆಟು ನೋಡುವ ಹುಡುಗಿ.
"ಅಜ್ಜಿಯ ಮನೆಯಲ್ಲಿ," ಎಂದ ಇಸ್ಮೊ,
ಕದ್ದ ಮಾಲು ಒಪ್ಪಿಸುವವನ ಹಾಗೆ.

ಬೇರೆ ಕ್ಯಾಬಿನ್ ಉಳಿದಿರಲಿಲ್ಲ, ಇದು ನಾಲ್ವರದು.
ಮೇಲಿನ ಎರಡು ಮಂಚ ಗೋಡೆಗೆ ಮಡಚಿಕೊಂಡು
ಕಳ್ಳನಿದ್ದೆ ಮಾಡುತ್ತಿವೆ.
ಕನ್ನಡಿಯ ಪಕ್ಕ ಹಡಗಿನ ಬೆಕ್ಕಿನ ಚಿತ್ರ:
ನಾವಿಕನ ಟೊಪ್ಪಿಗೆ, ಹಿತ್ತಾಳೆ ಗುಂಡಿ, ಮುಗಿಯದ ನಗು.
ಅದರ ಮೋರೆ ಮುಚ್ಚುವಂತೆ ಇಸ್ಮೊ ಅಂಗಿ ನೇತುಹಾಕಿದ.

ಮೊದಲ ಒಂದು ತಾಸು ಮಾತೇ ಹೊಳೆಯಲಿಲ್ಲ.
ಹನ್ನೊಂದು ವರ್ಷದಿಂದ ನಾವಾಡಿದ್ದೆಲ್ಲ
ಹಲ್ಲುಜ್ಜಿದರಾ, ಶೂ ಎಲ್ಲಿ, ಇವತ್ತು ಯಾರ ಸರದಿ.
ಪುಟ್ಟ ತಲೆಗಳ ಮೇಲಿಂದ
ಎಸೆದು ಹಿಡಿದ ಚೆಂಡು.
ಈಗ ತಲೆಗಳಿಲ್ಲ. ಚೆಂಡು ನೇರ ಬಂದು
ಎದೆಗೆ ಬಡಿಯುತ್ತದೆ.

ಊಟದ ಮೇಜಿನಲ್ಲಿ ನಾನು
ಆಲೂಗಡ್ಡೆಯನ್ನು ಚೂರು ಚೂರು ಮಾಡಿ
ಆರಲಿ ಎಂದು ಕಾಯುತ್ತಿದ್ದೆ.
"ಯಾರಿಗೆ?" ಎಂದ.
ನಕ್ಕುಬಿಟ್ಟೆವು. ಬಿಸಿಬಿಸಿಯಾಗಿಯೇ ತಿಂದೆ.
ನಾಲಿಗೆ ಸುಟ್ಟಿತು, ಸುಖವಾಯಿತು.
ಹೆರಿಂಗ್ ಮೀನು, ರೈ ರೊಟ್ಟಿ, ಸಬ್ಬಸಿಗೆ;
ವಾಸನೆ ಎಂದು ಯಾರೂ ಮೂಗು ಮುಚ್ಚಲಿಲ್ಲ.

ಪಕ್ಕದಲ್ಲಿ ಎಪ್ಪತ್ತು ದಾಟಿದ ಸ್ವೀಡನ್ನಿನ ಜೋಡಿ,
ಗುನ್‌ವೋರ್ ಮತ್ತು ಸ್ಟೆಲ್ಲಾನ್.
ಮಕ್ಕಳ ಡಿಸ್ಕೋದಲ್ಲಿ ಮುಂದಿನ ಕುರ್ಚಿ ಹಿಡಿದವರು.
"ಮೊಮ್ಮಕ್ಕಳ ಜೊತೆ ಬಂದಿರಾ?" ಕೇಳಿದೆ.
"ಮಕ್ಕಳೇ ಆಗಲಿಲ್ಲ," ಎಂದಳು ಸಿಗಡಿ ಸುಲಿಯುತ್ತ,
"ಇಲ್ಲಿ ಗದ್ದಲಕ್ಕೂ ಸುಂಕವಿಲ್ಲ ನೋಡು.
ವರ್ಷಕ್ಕೆರಡು ಸಲ ಬಂದು
ಕಿವಿ ತುಂಬ ಕೊಂಡು ಹೋಗುತ್ತೇವೆ."
ಏನು ಹೇಳಲೂ ತೋಚದೆ
ಉಪ್ಪು ಕೊಡಿ ಎಂದೆ. ಕೊಟ್ಟಳು.

ಜೂನ್ ತಿಂಗಳು. ರಾತ್ರಿ ಹನ್ನೊಂದಾದರೂ ಬೆಳಕು
ಮಲಗಲು ಒಲ್ಲೆ ಎನ್ನುವ ಹುಡುಗಿಯ ಹಾಗೆ
ದ್ವೀಪದಿಂದ ದ್ವೀಪಕ್ಕೆ ಓಡುತ್ತಿದೆ.
ನೋಡಿ, ಹೋಲಿಕೆಗೂ ಅವರೇ ಬೇಕು!
ಪೈನ್ ಮರದ ಒಂದೊಂದು ಬಂಡೆಗೂ ಒಂದು ಸೌನಾ,
ಒಂದು ದೋಣಿ, ಒಂದೆಳೆ ಹೊಗೆ.
ಇಸ್ಮೊ ನನ್ನ ಕೈ ಹಿಡಿದ.
ರಸ್ತೆ ದಾಟಿಸುವಾಗ ಹಿಡಿಯುವಂತೆ, ಮಣಿಕಟ್ಟಿಗೆ.
ಆಮೇಲೆ ನೆನಪಾಗಿ ಬೆರಳಿಗೆ ಇಳಿದ.

ಆಗಲೇ ಧ್ವನಿವರ್ಧಕ:
ಸುಮಾರು ಐದು ವರ್ಷದ ಹುಡುಗ, ಹಸಿರು ಅಂಗಿ,
ಹೆಸರು ಹೇಳುತ್ತಿಲ್ಲ,
ಹೆತ್ತವರು ಏಳನೆಯ ಮಹಡಿಗೆ ಬರಬೇಕು.

ಎರಡು ಮೆಟ್ಟಿಲಸಾಲು ಇಳಿದ ಮೇಲೆ
ನಮಗೆ ನಾವೇ ಸಿಕ್ಕಿದೆವು, ಏದುಸಿರಲ್ಲಿ.
ನಮ್ಮ ಆತುವಿಗೆ ಎಂಟು. ಅಂಗಿ ಯಾವುದೋ ಏನೋ,
ಲೊಯ್ಮಾದ ಅಜ್ಜಿಯ ಮಗ್ಗುಲಲ್ಲಿ
ಅಕ್ಕ ವಿಲ್ಯಾಳಿಗೆ ಕಾಲು ಒದೆಯುತ್ತ ಮಲಗಿದ್ದಾನೆ.
ಆದರೂ ಇಳಿದೆವು.

ಬಣ್ಣದ ಚೆಂಡುಗಳ ಕೊಳದಲ್ಲಿ
ಕತ್ತಿನವರೆಗೆ ಮುಳುಗಿ ಕೂತಿದ್ದ, ರಾಜನಂತೆ.
ಸುತ್ತ ಹತ್ತೋ ಹನ್ನೆರಡೋ ತಾಯಿ ತಂದೆ.
ಕೈಯಲ್ಲಿ ತಮ್ಮ ಮಗು ಹಿಡಿದುಕೊಂಡೇ
ಓಡಿ ಬಂದವರೂ ಇದ್ದರು.
ಗುನ್‌ವೋರ್ ಇದ್ದಳು.
ಒಂದು ಕಾಲಿಗೆ ಮಾತ್ರ ಚಪ್ಪಲಿ.

ಅವನ ಅಪ್ಪ ಕೊನೆಗೆ ಬಂದ,
ಐಸ್‌ಕ್ರೀಮ್ ನೆಕ್ಕುತ್ತ: "ಏನಾಯಿತು?"

ಮೇಲಿನ ಮಂಚ ಬಿಡಿಸಿಕೊಂಡು ಹತ್ತಿದ ಇಸ್ಮೊ,
ತಾನು ಆಳೆತ್ತರದವನು ಎಂಬುದನ್ನು ಮರೆತು.
ಪಾದ ಎರಡೂ ಗಾಳಿಯಲ್ಲಿ.
ಆಲಂಡ್ ಹತ್ತಿರ ಬಂದಂತೆ ಎಂಜಿನ್ನು ಗೊರಗೊರ ಎಂದಿತು.
"ನಿದ್ದೆ ಬಂತಾ?"
"ಇಲ್ಲ."
"ಫೋನ್ ಮಾಡೋಣವಾ?"
"ಮಧ್ಯರಾತ್ರಿ. ನಿಮ್ಮಮ್ಮ ಹೆದರುತ್ತಾರೆ."
"ಮತ್ತೆ?"
"ಇಳಿದು ಬಾ, ಇಲ್ಲಿ ಜಾಗವಿದೆ," ಎಂದೆ.
ಇರಲಿಲ್ಲ.

ಬಂದ. ಬರುವ ಮುಂಚೆ
ಬೆಕ್ಕಿನ ಮೋರೆಯ ಮೇಲೆ ಅಂಗಿ
ಸರಿಯಾಗಿದೆಯೇ ಎಂದು
ಒಮ್ಮೆ ಎಳೆದು ನೋಡಿದ.