ಇನ್ನೂರು ಪುಟದ ನೋಟ್‌ಬುಕ್ಕು

ಮಂಡಿ ಮೊಹಲ್ಲಾದ ಮಹಡಿ ಕೋಣೆಯಲ್ಲಿ
ಒಂದು ಕಂಪ್ಯೂಟರು, ಎರಡು ಕುರ್ಚಿ,
ಗೀಟು ಹಾಕಿದ ಇನ್ನೂರು ಪುಟದ ನೋಟ್‌ಬುಕ್ಕು.
ಹುಡುಕುವ ಸಲಕರಣೆ ಸಿಕ್ಕಿದ್ದೆಲ್ಲ ಅದರಲ್ಲಿ:
ಹೆಸರು, ಯಾರು ಮಾಡಿದ್ದು, ಬಿಟ್ಟಿಯೋ ಕಾಸೋ,
ಕೊನೆಯ ಮನೆಯಲ್ಲಿ, ಎಷ್ಟು ಸಲ ಸುಳ್ಳು ಹೇಳಿತು.

ದಿನಕ್ಕೊಂದು ಏಳುತ್ತವೆ, ಅಣಬೆಯ ಹಾಗೆ.
ತಿನ್ನುವಂಥದು ಯಾವುದೆಂದು
ತಿಂದು ಬದುಕಿದವರನ್ನೇ ಕೇಳಬೇಕು.
ಹೋದ ವರ್ಷದ್ದು ಈ ವರ್ಷ ಬಾಗಿಲು ಹಾಕಿರುತ್ತದೆ,
ಇಲ್ಲವೇ ಒಳಗೆ ಬೇರೆ ಯಾರೋ ಕೂತಿರುತ್ತಾರೆ.

ಆಷಾಢದ ಒಂದು ಮಂಗಳವಾರ ಬಂದರು ಸಣ್ಣತಾಯಮ್ಮ,
ಬನ್ನೂರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು.
ಮಸ್ಕತ್ತಿನ ಹೋಟೆಲಿಗೆ ಅಡುಗೆಯವರು ಬೇಕಂತೆ;
ಚೀಟಿ ಎತ್ತಿ ಎಪ್ಪತ್ತೆರಡು ಸಾವಿರ ಕಟ್ಟಿದ್ದರು.
ಆಮೇಲೆ ಆ ನಂಬರು ಮಾತಾಡಿಲ್ಲ.
ಉಳಿದದ್ದು ಒಂದು ಫೋಟೋ:
ಕೋಟು ತೊಟ್ಟ ಏಜೆಂಟು, ಹಿಂದೆ ಗಾಜಿನ ಬಾಗಿಲು,
ಕೆಳಗೆ, ‘ನಮ್ಮ ಮಸ್ಕತ್ ಕಚೇರಿ’.

“ಮುನ್ನೂರು ಮಕ್ಳಿಗೆ ಸಾರು ಕಾಯಿಸ್ತೀನಿ ಕಣವ್ವ,
ಒಬ್ಬನ ಮೊಖ ಓದಕ್ಕಾಗ್ನಿಲ್ಲ.”

ಒಂದನೆಯದಕ್ಕೆ ಕೊಟ್ಟೆ. ಅದೇ ಕೋಟು ಮಾರುವ
ಇಪ್ಪತ್ತು ಅಂಗಡಿ ತೋರಿಸಿತು.
ಎರಡನೆಯದು ಫೋಟೋದ ಜಾತಕ ಕೇಳಿತು,
ಹುಟ್ಟಿದ ಗಳಿಗೆ, ಹುಟ್ಟಿದ ಊರು;
ವಾಟ್ಸಾಪಿನಲ್ಲಿ ಬರುವಾಗಲೇ ಅದು ತೊಳೆದುಹೋಗಿತ್ತು.
ನೆರಳು ಅಳೆಯುವುದೊಂದಿದೆ, ನನಗೆ ಇಷ್ಟದ್ದು,
ಕಂಬ ಬೇಕು ಅದಕ್ಕೆ, ಬಿಸಿಲು ಬೇಕು. ಎರಡೂ ಇರಲಿಲ್ಲ.
ಗಾಜಿನ ಮೇಲೆ ಕೆಂಪು ಹಳದಿ ಏನೋ ಮಸುಕು;
ಅಕ್ಷರ ಓದುವ ಯಂತ್ರ ಯೋಚಿಸಿ ಹೇಳಿತು,
ಬರ್ಮಾದ ಲಿಪಿ ಇದ್ದರೂ ಇರಬಹುದು.

ಏಳನೆಯದು ಮಾತ್ರ ತಡವರಿಸಲಿಲ್ಲ.
ಮುನ್ನೂರು ರೂಪಾಯಿ, ಒಂದು ನಂಬರು,
ಸುರಿಯಿತು ಪರದೆಯ ತುಂಬ:
ಹೆಂಗಸಿನ ಹೆಸರು, ತೌರುಮನೆ, ರಕ್ತದ ಗುಂಪು,
ಮಗಳು ಮೂರನೆಯ ಕ್ಲಾಸು, ಬಿ ಸೆಕ್ಷನ್ನು.
ಇವಳು ಯಾರು? ಅವನ ಹೆಂಡತಿಯೋ,
ಬಸ್ಸಿನಲ್ಲಿ ಫೋನು ಕಳಕೊಂಡ ಪಾಪದವಳೋ?
ತೆರೆದ ಬಾಗಿಲು ಬೇರೆ, ಮುರಿದ ಬಾಗಿಲು ಬೇರೆ.
ಇದು ಯಾರ ಬೀರುವಿನಿಂದ ಎತ್ತಿದ್ದು ಎಂದು
ದುಡ್ಡು ಕೊಡುವ ಮುಂಚೆ ನಾನು ಕೇಳಲಿಲ್ಲ.
ಆ ಸಾಲಿಗೆ ಕಪ್ಪು ಇಂಕು ಬಳಿದೆ.
ಓರೆಯಾಗಿ ಹಿಡಿದರೆ ಇನ್ನೂ ಓದಬರುತ್ತದೆ.

ಸಂಜೆ ಕಾಫಿಗೆ ಹತ್ತಿ ಬಂದರು ಚೆನ್ನಮಾದಯ್ಯ,
ಫ್ಲೆಕ್ಸು ಬರುವ ತನಕ ಈ ಬೀದಿಗೆಲ್ಲ ಬೋರ್ಡು ಬರೆದವರು.
ಮೇಜಿನ ಮೇಲಿದ್ದ ಪ್ರಿಂಟು ಎತ್ತಿಕೊಂಡು
ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದರು.
ಕಾಗದದ ಬೆನ್ನಿನಿಂದ ನೆಟ್ಟಗೆ ಎದ್ದು ನಿಂತಿತು ಬರ್ಮಾ:
‘ಳ್ಳಿ ಹಿಟ್ಟಿನ ಗಿರ’

ಹನ್ನೊಂದು ಸಲಕರಣೆ, ಎರಡು ರಾತ್ರಿ.
ಮಗುಚಬೇಕೆಂದು ನನಗೆ ಹೊಳೆದಿರಲಿಲ್ಲ.

ಪಡುವಾರಹಳ್ಳಿ, ಮೇಟಗಳ್ಳಿ, ಕ್ಯಾತಮಾರನಹಳ್ಳಿ,
ಮೈಸೂರಿನಲ್ಲಿ ಹಳ್ಳಿಗೆ ಬರವೇ?
“ತಡೀರಿ. ಈ ಗುಡಿಸು ನೋಡಿ, ಜುಟ್ಟು ಬಿಟ್ಟವ್ನೆ.
ಹಿಂಗೆ ಎಳೆಯೋನು ಒಬ್ನೇ. ನನ್ನ ಹುಡುಗ ಫಯಾಜು. ಎಡಗೈ.”
ಫೋನಿನಲ್ಲಿ ಫಯಾಜು ನಕ್ಕ:
“ಮೇಟಗಳ್ಳಿದು ಸಾರ್. ಇನ್ನೂರು ಬಾಕಿ ಬರ್ಬೇಕು ಆ ಗಿರಣಿಯೋರಿಂದ.”

ನೋಟ್‌ಬುಕ್ಕಿನಲ್ಲಿ ಬರೆದೆ, ಹನ್ನೆರಡನೆಯ ಸಾಲು:
ಚೆನ್ನಮಾದಯ್ಯ. ಬಿಟ್ಟಿ. ಸಕ್ಕರೆ ಎರಡು ಚಮಚ.

ಹೋದಾಗ ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂಬ ಚೀಟಿ.
ಸಣ್ಣತಾಯಮ್ಮ ಅವನು ನಿಂತ ಕಡೆಯೇ ನಿಂತರು,
ಗಾಜಿನಲ್ಲಿ ಅವರ ಸೆರಗು, ತಲೆಯ ಮೇಲೆ ತಿರುಗುಮುರುಗು ಗಿರಣಿ.
“ಮಸ್ಕತ್ತು ಇಷ್ಟು ಹತ್ರ ಅಂತ ಗೊತ್ತಿದ್ರೆ
ನಡ್ಕಂಡೇ ಬತ್ತಿದ್ನಲ್ಲವ್ವ.”

ಠಾಣೆಯಲ್ಲಿ ದೂರು ಬರೆಸಿಕೊಂಡರು, ಒಂದು ನಂಬರು ಕೊಟ್ಟರು.
ಅದಕ್ಕೂ ಮೊದಲು, ರಸ್ತೆ ದಾಟಿ,
ಗಿರಣಿಯ ಡಬ್ಬದಿಂದ ಚಿಟಿಕೆ ಹಿಟ್ಟು ತೆಗೆದು
ಹೆಬ್ಬೆಟ್ಟಿನಲ್ಲಿ ಉಜ್ಜಿ, ಮೂಸಿ,
“ರಾಗಿ ಒಣಗಿಲ್ಲ. ಹಿಂದಿನ ವರ್ಷದ್ದು ಬೆರೆಸವ್ರೆ” ಅಂದರು.
ಗಿರಣಿಯವನು ಬೇರೆಲ್ಲೋ ನೋಡಿದ.