ಕೊನೆಗೆ ಮುಟ್ಟಿದ ನೆಲ

ಸೀಟಿಯೊಳಗಿನ ಒಂದು ಪುಟ್ಟ ಕಾಳಿಗೆ
ಇಷ್ಟೊಂದು ಅಧಿಕಾರ ಯಾರು ಕೊಟ್ಟರೋ.
ಊದಿದೆ. ಆಟ ನಿಂತಿತು.

ಕಾರವಾರದ ಸಂಜೆ, ಬಂದರಿನ ಬದಿಯ ಅಂಕಣ,
ಉಪ್ಪುಗಾಳಿಗೆ ತುಕ್ಕು ಹಿಡಿದ ರಿಂಗು,
ಉಳಿದದ್ದು ಹನ್ನೊಂದು ಸೆಕೆಂಡು.
ಚೆಂಡು ಗೆರೆ ದಾಟಿ ಹಾರಿತ್ತು
ಅದರ ಬೆನ್ನಿಗೇ ನೂತನಾ ಹರಿಕಂತ್ರ,
ಒಂಬತ್ತನೇ ನಂಬರು,
ಅಕ್ಕನ ಬೂಟಿನ ತುದಿಗೆ ಪೇಪರು ತುರುಕಿಕೊಂಡವಳು.

ಗೆರೆಯ ಒಳಗೇ ಕಾಲೂರಿ ಜಿಗಿದಳು.
ಮೈಯೆಲ್ಲ ಗೆರೆಯಾಚೆ, ಗಾಳಿಯಲ್ಲಿ.
ಬೀಸುಬಲೆ ಎಸೆಯುವವರ ಹಾಗೆ ಸೊಂಟ ತಿರುಗಿಸಿ
ಚೆಂಡನ್ನು ಒಳಕ್ಕಟ್ಟಿದಳು. ಯಾರೋ ಹಿಡಿದರು, ಹಾಕಿದರು,
ಆಮೇಲೆ ಬಿದ್ದಳು, ಸ್ಕೋರಿನ ಮೇಜಿನ ಕಾಲಿಗೆ.

ಅಷ್ಟರಲ್ಲಿ ನಾನು ಊದಿಯಾಗಿತ್ತು.

"ಸರ್, ಕಾಲು ಇಟ್ಟಿರ್ಲಿಲ್ಲ."
ಮೊಣಕೈಯ ರಕ್ತ ನೋಡದೆ ನನ್ನನ್ನೇ ನೋಡಿದಳು.
"ಗೆರೆ ಅಂದ್ರೆ ಗೆರೆ. ಗಾಳಿಯಲ್ಲೂ ಇರ್ತದೆ."
ಹೌದು, ಹೀಗಂದವನು ನಾನೇ,
ಸುಣ್ಣದ ಗೆರೆ ಗೋಡೆಯ ಹಾಗೆ
ಆಕಾಶದವರೆಗೂ ಎದ್ದಿದೆಯೆಂದು ನಂಬಿದವನು.

ನನಗೆ ಕಲಿಸಿದವರು ಬಾಡದ ತಳೇಕರ ಮಾಸ್ತರು.
ಅವರಿಗೆ ಧಾರವಾಡದ ಶಿಬಿರದಲ್ಲಿ ಯಾರೋ.
ಆ ಯಾರೋಗೆ ಇನ್ಯಾರೋ.
ಪುಸ್ತಕ ಇರಲಿಲ್ಲ ಅಂತಲ್ಲ. ಇತ್ತು,
ಹೈಸ್ಕೂಲಿನ ಕಪಾಟಿನಲ್ಲಿ,
ಸುಣ್ಣದ ಡಬ್ಬಿ ಅಲುಗದಂತೆ ಅಡಿಗೆ ಕೊಟ್ಟು.

ಬಾಯಿಂದ ಬಾಯಿಗೆ ಬಂದದ್ದು ಇನ್ನೂ ಬಹಳ ಇತ್ತು ನನ್ನ ಹತ್ತಿರ:
ಚೆಂಡು ಹಿಡಿದು ಬಿದ್ದವನು ಜಾರಿದರೆ ಟ್ರಾವೆಲ್.
ಉದ್ದದವನು ಹಿಂದಿನಿಂದ ಚೆಂಡು ಕಿತ್ತರೆ ಫೌಲ್,
ಕೂದಲೂ ತಾಗದಿದ್ದರೂ ಫೌಲ್.
ಊರಿದ ಕಾಲು ಎದ್ದಿತೋ, ಊದು;
ಎಸೆಯಲೆಂದೇ ಎದ್ದರೂ ಊದು.
ಹದಿನಾರು ವರ್ಷ ಊದಿದೆ, ಮಾರಾಯರೆ,
ಅಂಕೋಲೆಯಲ್ಲಿ, ಕುಮಟೆಯಲ್ಲಿ, ಸಿರ್ಸಿಯಲ್ಲಿ,
ಊಟ, ಭತ್ಯೆ ನೂರಿಪ್ಪತ್ತು, ಬಸ್ಸಿನ ಖರ್ಚು ಬೇರೆ.
ಯಾರೂ ಕೇಳಲಿಲ್ಲ.
ಕೇಳಿದವರಿಗೆ ಇನ್ನೊಂದು ಸೀಟಿ ಇತ್ತು.

ಆ ದಿನ ಬೆಳಿಗ್ಗೆಯೂ ಒಂದು ತಿದ್ದಿದ್ದೆ.
ಪ್ರವೇಶ ಪತ್ರದಲ್ಲಿ 'ಊರು' ಅಂದಲ್ಲಿ ಅವಳು ಬರೆದದ್ದು
ನೌಕಾನೆಲೆಯ ತಂತಿಬೇಲಿಯೊಳಗೆ ಹೋದ ಹಳ್ಳಿಯ ಹೆಸರು.
ಈ ಊರು ಈಗಿಲ್ಲವಲ್ಲ ಎಂದು
ಕೆಂಪು ಪೆನ್ನಿನಲ್ಲಿ ಹೊಡೆದು ಕಾಲೊನಿ ಎಂದು ಬರೆದೆ.
ಅಕ್ಷರ ಚಂದ ಬಂದಿತ್ತು.

ಎರಡು ವರ್ಷದ ಮೇಲೆ, ಮೇಲಿನ ಪರೀಕ್ಷೆಗೆಂದು,
ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ
ಮೊದಲ ಸಲ ಆ ಪುಸ್ತಕ ಬಿಡಿಸಿದೆ.
ತಿರುವಿಗೊಮ್ಮೆ ಸಾಲು ಜಾರುತ್ತಿತ್ತು. ಮೂರು ಸಲ ಓದಿದೆ:
ಗಾಳಿಯಲ್ಲಿ ಇರುವವರು
ಕೊನೆಗೆ ಮುಟ್ಟಿದ ನೆಲದವರೇ.
ಅಷ್ಟೇ. ಒಂದೂವರೆ ಸಾಲು.
ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡಿಕೊಂಡೆ.
ಘಟ್ಟ, ಅಂದುಕೊಂಡರು ಪಕ್ಕದವರು.

ಮೊನ್ನೆ ಅಂಕೋಲೆಗೆ ಹೊರಟ ಬಸ್ಸು.
ಖಾಕಿ ಅಂಗಿ, ಹೆಗಲಿಗೆ ಚೀಲ, ಕೊರಳಲ್ಲಿ ಸೀಟಿ.
ಎದೆಯ ಪಟ್ಟಿಯಲ್ಲಿ ಹೆಸರು ಓದಿದೆ, ಮೊಣಕೈಯನ್ನೂ.
"ಆ ದಿನ ನಾನು..." ಎಂದು ಶುರುಮಾಡಿ
ಗಂಟಲಲ್ಲೇ ನಿಂತೆ.
"ಮೂವತ್ತೊಂಬತ್ತು, ನಲವತ್ತು," ಅಂದಳು,
ಟಿಕೇಟಿನಿಂದ ಕಣ್ಣೆತ್ತದೆ.
"ಚಿಲ್ರೆ ಕೊಡಿ ಸರ್."

ಬಿಣಗಾದಲ್ಲಿ ಒಬ್ಬ ಮುದುಕಿ ಹತ್ತುತ್ತಿದ್ದಳು,
ತಲೆಯ ಮೇಲೆ ಖಾಲಿ ಬುಟ್ಟಿ,
ಒಂದು ಕಾಲು ಮೆಟ್ಟಿಲಿಗೆ, ಇನ್ನೊಂದು ಇನ್ನೂ ರಸ್ತೆಗೆ.
ಡ್ರೈವರು ಎಂಜಿನ್ನು ಗುರುಗುಟ್ಟಿಸಿದ,
ಹಿಂದಿನ ಲಾರಿ ಹಾರ್ನು ಹೊಡೆಯಿತು.
ಸೀಟಿ ತುಟಿಗಿಟ್ಟುಕೊಂಡು
ನೂತನಾ ಬಗ್ಗಿ ನೋಡುತ್ತ ನಿಂತಳು.

ಎರಡನೇ ಪಾದ ಬಂದು ತಗಡು ಮುಟ್ಟಿತು.
ಆಮೇಲೆ ಊದಿದಳು.